ದಿಲ್ಲಿಯಲ್ಲೊಂದು ತಡಮೆ

"ಚೋಕ್ ಬೇಕಿತ್ತು" ಎಂದು ನನ್ನ ಹರುಕುಮುರುಕು ಹಿಂದಿಯಲ್ಲಿ ಕೇಳಿದೆ. ಭಗೀರಥ ಪ್ಯಾಲೇಸಿನ ಆ ಅಂಗಡಿಯ ಹುಡುಗ ಮೊಬೈಲಿನಿಂದ ಮುಖ ಎತ್ತದೆಯೇ ಹಿಂದಿನ ಕಪಾಟಿಗೆ ಕೈ ಹಾಕಿ, ಇಟ್ಟಿಗೆ ಚೂರಿನಂಥ ಒಂದನ್ನು ತೆಗೆದು ಗಾಜಿನ ಮೇಲೆ ಕುಕ್ಕಿದ. ಟ್ಯೂಬ್‌ಲೈಟಿನ ಚೋಕು. ತಗಡಿನ ಕವಚ, ಮೇಲೊಂದು ಪದರ ಧೂಳು.

"ಇದಲ್ಲ, ರೇಡಿಯೊದ್ದು."

ಈಗ ಮುಖ ಎತ್ತಿದ. "ರೇಡಿಯೊದಲ್ಲಿ ಎಲ್ಲಿಯ ಚೋಕು ಅಂಕಲ್? ಎಲ್‌ಇಡಿ ಬಂದ ಮೇಲೆ ಟ್ಯೂಬ್‌ಲೈಟಿನದ್ದನ್ನೇ ಯಾರೂ ಕೇಳೋದಿಲ್ಲ. ಬೇಕಿದ್ದರೆ ಅರ್ಧ ಬೆಲೆಗೆ ಕೊಡ್ತೀನಿ."

ಅವನದೇನೂ ತಪ್ಪಿಲ್ಲ. ನಮ್ಮೂರಲ್ಲೂ ಚೋಕು ಅಂದರೆ ಅದೇ, ಇಲ್ಲವಾದರೆ ಚಳಿಗಾಲದ ಬೆಳಗ್ಗೆ ಸ್ಕೂಟರಿಗೆ ಎಳೆಯುವುದು. ಟ್ಯೂಬ್‌ಲೈಟಿನದೂ ನನಗೆ ಬೇಕಾದದ್ದೂ ಒಂದೇ ಗೋತ್ರದವು, ಎರಡೂ ಸುತ್ತಿದ ತಾಮ್ರದ ತಂತಿಯೇ. ಆದರೆ ಟ್ಯೂಬ್‌ಲೈಟಿನದರ ಹೊಟ್ಟೆಯಲ್ಲಿ ಕಬ್ಬಿಣದ ಹಾಳೆಗಳಿವೆ, ಇಂಡಕ್ಟನ್ಸ್ ಒಂದು ಹೆನ್ರಿಯ ಆಸುಪಾಸು. ನನಗೆ ಬೇಕಾದದ್ದು 2.5 ಮಿಲಿಹೆನ್ರಿ, ಅಂದರೆ ಅದರ ನಾನೂರರಲ್ಲಿ ಒಂದು ಪಾಲು. ಒಂದು ಗೋಟಡಕೆಯಷ್ಟೂ ತೂಗದ ವಸ್ತು.

ಅಡಕೆಯ ಮಾತು ಬಂದದ್ದಕ್ಕೆ ಕಾರಣವಿದೆ. ಇದು ಶುರುವಾದದ್ದೇ ಪುತ್ತೂರಿನ ಕಡೆಯ ಒಂದು ಅಡಕೆ ತೋಟದ ಮನೆಯಲ್ಲಿ. ಚಿಕ್ಕಪ್ಪನಿಗೆ ತೋಟ ಕಸುಬು, ರೇಡಿಯೊ ಹುಚ್ಚು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಒಂದು ಬೆಸುಗೆ ಕಡ್ಡಿ, ಬಿ.ಇ.ಎಲ್. ಎಂದು ಅಚ್ಚಾದ ನಾಲ್ಕು ವಾಲ್ವು, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದರ ನಡುವೆ, ಒಂದೇ ಇ.ಸಿ.ಸಿ. 83 ವಾಲ್ವಿನಲ್ಲಿ ಮುಗಿಯುವ ರೀಜನರೇಟಿವ್ ಸೆಟ್ಟಿನ ನಕ್ಷೆ. ಕೆಳಗೆ ಬೇಕಾದ ಸಾಮಾನಿನ ಪಟ್ಟಿ, ಒಂದೊಂದರ ಎದುರೂ ಪೆನ್ಸಿಲ್ಲಿನ ಗುರುತು. ಗುರುತು ಬೀಳದ್ದು ಒಂದೇ ಸಾಲಿಗೆ: ಆರ್.ಎಫ್. ಚೋಕ್, 2.5 ಎಂ.ಎಚ್., ದಿಲ್ಲಿಯಿಂದ ವಿ.ಪಿ.ಪಿ. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾದ ಆ ಅಂಚೆ ಪೊಟ್ಟಣ ಬರಲೇ ಇಲ್ಲವೋ, ಬಂದಾಗ ಕೈಯಲ್ಲಿ ಕಾಸಿರಲಿಲ್ಲವೋ, ಸೆಟ್ಟಂತೂ ಆಗಲಿಲ್ಲ. ದಿಲ್ಲಿ ಪಕ್ಕದ ಸಾಹಿಬಾಬಾದಿನಲ್ಲಿರುವ ತಂಗಿ "ಈ ಜನವರಿಗಾದರೂ ಬಾ" ಎಂದು ಕರೆದಾಗ ಆ ನೋಟ್‌ಬುಕ್ಕನ್ನು ಸ್ವೆಟರಿನ ಮಡಿಕೆಯಲ್ಲಿಟ್ಟುಕೊಂಡು ಮೈಸೂರಿನಿಂದ ಹೊರಟೆ.

ನಮ್ಮ ಕಡೆ ತೋಟದ ಬೇಲಿಗೆ ತಡಮೆ ಇರುತ್ತದೆ. ಮನುಷ್ಯ ಕಾಲೆತ್ತಿ, ಮೈ ಓರೆ ಮಾಡಿ ದಾಟಬಹುದು. ದನ ಬಂದರೆ ಮೂತಿ ತಾಗಿಸಿ ಹಿಂದಿರುಗಬೇಕು. ಕಾವಲುಗಾರ ಬೇಡ, ಬೀಗ ಬೇಡ, ನಿಲ್ಲಿಸಿದ ರೀತಿಯೇ ಸಾಕು. ಆರ್.ಎಫ್. ಚೋಕ್ ಅಂಥ ತಡಮೆ. ರೀಜನರೇಟಿವ್ ಸೆಟ್ಟಿನ ಉಪಾಯ ಬಹಳ ಹಳೆಯದು, ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕನ್ ಅದಕ್ಕೆ 1914ರಲ್ಲೇ ಪೇಟೆಂಟ್ ಪಡೆದ. ವಾಲ್ವು ದೊಡ್ಡದು ಮಾಡಿದ ರೇಡಿಯೊ ಕಂಪನದಲ್ಲಿ ಸ್ವಲ್ಪವನ್ನು ತಂದು ಮತ್ತೆ ಅದೇ ವಾಲ್ವಿನ ಬಾಗಿಲಿಗೆ ಸುರಿಯುವುದು, ಅದು ಇನ್ನೂ ದೊಡ್ಡದಾಗುತ್ತದೆ. ಹದ ತಪ್ಪಿದರೆ ಸೆಟ್ಟು ಸಿಳ್ಳೆ ಹಾಕುತ್ತದೆ. ಹಿಂದಿನ ಕಾಲದಲ್ಲಿ ಪಕ್ಕದ ಮನೆಯವರ ರೇಡಿಯೊಗಳೂ ಜೊತೆಗೆ ಸಿಳ್ಳೆ ಹಾಕಿ ಜಗಳವಾಗುತ್ತಿತ್ತು. ವಾಲ್ವಿನ ಆನೋಡಿನಲ್ಲಿ ಮೂರು ಬೆರೆತಿರುತ್ತವೆ: ನೇರ ವಿದ್ಯುತ್ತು, ಮಾತು-ಹಾಡಿನ ದನಿ, ರೇಡಿಯೊ ಕಂಪನ. ಮೊದಲ ಎರಡು ಹೆಡ್‌ಫೋನಿನ ಕಡೆ ಹೋಗಬೇಕು, ಮೂರನೆಯದು ಹಿಂದಕ್ಕೆ. ಆ ಕವಲಿನಲ್ಲಿ ನಿಲ್ಲುತ್ತದೆ ಚೋಕ್. ಮನೆಯ ಕರೆಂಟಿನ 50 ಹರ್ಟ್ಸ್‌ಗೆ 2.5 ಮಿಲಿಹೆನ್ರಿ ಒಡ್ಡುವ ತಡೆ ಒಂದು ಓಮ್ ಕೂಡ ಅಲ್ಲ. ದಿಲ್ಲಿ ಆಕಾಶವಾಣಿಯ ಇಂದ್ರಪ್ರಸ್ಥ ಚಾನೆಲ್ಲಿನ 819 ಕಿಲೋಹರ್ಟ್ಸ್‌ಗೆ ಅದೇ ತಂತಿ ಒಡ್ಡುವುದು ಹದಿಮೂರು ಸಾವಿರ ಓಮ್. ತಂತಿ ಅದೇ, ದಾಟುವವರನ್ನು ನೋಡಿ ತಡೆ.

ಸಾಹಿಬಾಬಾದಿನಿಂದ ಹಳೇ ದಿಲ್ಲಿಗೆ ಮೆಟ್ರೊದ ಕೆಂಪು ಲೈನು. ಮೋಹನ್ ನಗರದಲ್ಲಿ ಹತ್ತಿದಾಗ ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಶಹದರಾ ದಾಟಿ ಸೀಲಂಪುರ ಬರುವ ಹೊತ್ತಿಗೆ ತುಸು ತಿಳಿಯಾಯಿತು. ದೇಶದ ಕೆಟ್ಟ ಕಂಪ್ಯೂಟರು, ಟಿವಿಗಳು ಬಂದು ಬೀಳುವ ಜಾಗ ಸೀಲಂಪುರ. ಅಲ್ಲೂ ಒಮ್ಮೆ ಇಳಿದೆ. ಒಂದು ಓಣಿಯಲ್ಲಿ ಹೆಂಗಸರೂ ಹುಡುಗರೂ ಕೂತು ಸರ್ಕ್ಯೂಟ್ ಬೋರ್ಡುಗಳಿಂದ ಭಾಗಗಳನ್ನು ಕಿತ್ತು ರಾಶಿ ಮಾಡುತ್ತಿದ್ದರು, ನಮ್ಮಲ್ಲಿ ಅಡಕೆ ಸುಲಿಯುವಾಗ ಕೂತ ಹಾಗೆಯೇ. ಒಂದು ರಾಶಿ ಬರೀ ಕಾಯಿಲುಗಳದ್ದು. ಕೈ ಹಾಕಿ ಎರಡು ಎತ್ತಿ ನೋಡಿದೆ. "ಬಿಡಿ ಕೊಡುವುದಿಲ್ಲ, ಕಿಲೋ ಲೆಕ್ಕ" ಎಂದ ಯಜಮಾನ. ಅವನಿಗೆ ಅದು ಕಾಯಿಲಲ್ಲ, ತಾಮ್ರ. ಬಿಚ್ಚಿದರೂ ಒಂದೇ ಬೆಲೆ, ಸುತ್ತಿದ್ದರೂ ಒಂದೇ ಬೆಲೆ. ಸುತ್ತಿದವರ ಕೂಲಿ ಎಲ್ಲೋ ಆವಿಯಾಗಿ ಹೋಗಿತ್ತು.

ಕಾಶ್ಮೀರಿ ಗೇಟಿನಲ್ಲಿ ನೇರಳೆ ಲೈನು ಹಿಡಿದರೆ ಮುಂದಿನ ನಿಲ್ದಾಣವೇ ಲಾಲ್ ಕಿಲಾ. ಹೊರಗೆ ಬಂದರೆ ಒಂದು ಕಡೆ ಷಹಜಹಾನನ ಕೆಂಪು ಗೋಡೆ, ಎದುರಿಗೆ ಲಾಜಪತ್ ರಾಯ್ ಮಾರ್ಕೆಟ್ಟು, ಅದರಾಚೆಗೆ ಭಗೀರಥ ಪ್ಯಾಲೇಸ್. ಈ ಪ್ಯಾಲೇಸ್ ಎನ್ನುವುದು ಹೆಸರಿಗಷ್ಟೇ ಅಲ್ಲ. ಸರ್ಧನಾದ ಬೇಗಂ ಸಮ್ರೂ ಎಂಬ ಹೆಣ್ಣುಮಗಳ ಮಹಲು ಇದು. ನಾಚ್ ಹುಡುಗಿಯಾಗಿ ಬದುಕು ಶುರುಮಾಡಿ ಸ್ವಂತ ಸೈನ್ಯ ನಡೆಸಿದ ಗಟ್ಟಿಗಿತ್ತಿ, 1836ರಲ್ಲಿ ತೀರಿಕೊಂಡಳು. ಆಮೇಲೆ ಬ್ಯಾಂಕು ಬಂತು, ಸೇಠ್ ಬಂದ, ಸ್ವಿಚ್ಚು-ವೈರು ಬಂದವು. ಎತ್ತರದ ಕಂಬಗಳು ಇನ್ನೂ ನಿಂತಿವೆ, ಅವುಗಳ ಮೈಗೆ ಕೇಬಲ್ಲುಗಳು ಕಾಡಿನ ಬಿಳಲಿನ ಹಾಗೆ ಸುತ್ತಿಕೊಂಡಿವೆ. 2022ರ ನವೆಂಬರಿನಲ್ಲಿ ಇಲ್ಲಿ ಬಿದ್ದ ಬೆಂಕಿ ಆರಲು ದಿನಗಳೇ ಹಿಡಿದವು. ಇಷ್ಟು ವೈರು ನೋಡಿದ ಮೇಲೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಲಾಜಪತ್ ರಾಯ್ ಮಾರ್ಕೆಟ್ಟು ಬೇರೆ ಲೋಕ. ದೇಶ ಒಡೆದಾಗ ಆ ಕಡೆಯಿಂದ ಬಂದವರಿಗೆ ಕೊಟ್ಟ ಅಂಗಡಿಗಳು. ಒಂದು ಕಾಲದಲ್ಲಿ ಬ್ಯಾಂಡ್ ಕಾಯಿಲು, ಐ.ಎಫ್.ಟಿ., ಗ್ಯಾಂಗ್ ಕಂಡೆನ್ಸರು, ಇಡೀ ರೇಡಿಯೊವನ್ನೇ ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತಿದ್ದ ಜಾಗ. ಈಗ ಸಿಸಿಟಿವಿ ಕ್ಯಾಮೆರಾ, ಮಿನುಗುವ ಪಟ್ಟಿ, ಮದುವೆ ಡಿಜೆಯ ಡಬ್ಬಗಳು. ಐದನೇ ಅಂಗಡಿಯಲ್ಲಿ ಒಬ್ಬ ತರುಣ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಇಂಡಕ್ಟರ್ ಅನ್ನಿ ಅಂಕಲ್" ಎಂದು ತಿದ್ದಿ, ಡ್ರಾಯರಿನಿಂದ ಮೆಣಸಿನ ಕಾಳಿಗಿಂತ ತುಸು ದಪ್ಪದ ಕಪ್ಪು ಡ್ರಮ್ಮುಗಳನ್ನು ಅಂಗೈಗೆ ಸುರಿದ. ಮೇಲೆ 222 ಎಂದು ಅಚ್ಚು. ಅಂದರೆ 2200 ಮೈಕ್ರೋಹೆನ್ರಿ, 2.2 ಮಿಲಿಹೆನ್ರಿ. ಫೆರೈಟಿನ ಗಿರಕಿಗೆ ಯಂತ್ರ ಸುತ್ತಿದ ತಂತಿ.

ನಿಜ ಹೇಳಬೇಕೆಂದರೆ ಪ್ರವಾಸ ಇಲ್ಲಿಗೇ ಮುಗಿಯಬೇಕಿತ್ತು. ಚಿಕ್ಕಪ್ಪನ ಸೆಟ್ಟಿಗೆ ಅದು ಹೆಚ್ಚುಕಡಿಮೆ ಸಾಕಾಗುತ್ತದೆ. ಬುದ್ಧಿಯಿದ್ದವನು ಕಾಸು ಕೊಟ್ಟು ತಗೊಂಡು, ಪರಾಠೆವಾಲಿ ಗಲ್ಲಿಗೆ ಹೋಗಿ ತಿಂದು ಮನೆ ಸೇರುತ್ತಿದ್ದ. ನಾನೂ ಹತ್ತು ಕೊಂಡೆ, ಜೊತೆಗೆ ಇಂಡಕ್ಟನ್ಸ್ ಅಳೆಯುವ ಚಿಕ್ಕ ಮೀಟರೊಂದನ್ನೂ. ಆದರೆ ಹಳೇ ಸೆಟ್ಟು ಕಟ್ಟುವವರಿಗೆ ಒಂದು ಶೋಕಿ ಇರುತ್ತದೆ. ಕೆಲಸ ನಡೆದರೆ ಸಾಲದು, ನೋಡಲೂ ಹಾಗೇ ಇರಬೇಕು. ಆ ಡ್ರಮ್ಮನ್ನು ಇ.ಸಿ.ಸಿ. 83ರ ಪಕ್ಕ ಕಲ್ಪಿಸಿಕೊಂಡರೆ ಮನಸ್ಸಿಗೆ ಬರಲಿಲ್ಲ.

ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ ಮುದುಕರೊಬ್ಬರು ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದರು. ನೋಟ್‌ಬುಕ್ಕಿನ ಪುಟ ತೋರಿಸಿದೆ. ಕನ್ನಡ ಓದಲು ಬಾರದಿದ್ದರೂ ನಕ್ಷೆಗೆ ಭಾಷೆ ಬೇಕೇ? ಬೆರಳು ನೇರ ಚೋಕಿನ ಮೇಲೆ ಬಂತು. "ಓಹೋ, ನಾಲ್ಕು ಟಿಕ್ಕಿಯದ್ದು!" ಎಂದು ನಕ್ಕರು. ಆಲೂ ಟಿಕ್ಕಿ ಹುರಿಯುವ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಬೀಡಿ ಡಬ್ಬಿಯೊಂದನ್ನು ಅಲ್ಲಾಡಿಸಿ, ಹುಡುಕಿ, ಒಂದನ್ನು ತೆಗೆದುಕೊಟ್ಟರು. ಸತ್ತದ್ದು. ಒಂದು ತುದಿಯ ತಂತಿ ಹಸಿರು ಕಿಲುಬು ತಿಂದು ತುಂಡಾಗಿತ್ತು. "ದುಡ್ಡು ಬೇಡ, ನೋಡಿ ಕಲಿತುಕೊಳ್ಳಿ. ನಿಮಗೆ ಬೇಕಾದ್ದು ಮಾಯಾಪುರಿಯಲ್ಲಿ ಸಿಕ್ಕರೂ ಸಿಗಬಹುದು."

ಮಾಯಾಪುರಿಗೆ ಹೋಗಲಿಲ್ಲ. 2010ರಲ್ಲಿ ವಿಶ್ವವಿದ್ಯಾಲಯದ ಹಳೆಯ ಯಂತ್ರವೊಂದು ಹರಾಜಾಗಿ ಅಲ್ಲಿನ ಗುಜರಿಗೆ ಬಂದು, ಒಳಗಿದ್ದ ಕೋಬಾಲ್ಟ್-60 ಗೊತ್ತಿಲ್ಲದೆ ಮುಟ್ಟಿದವರನ್ನು ಸುಟ್ಟದ್ದು, ಒಬ್ಬರ ಪ್ರಾಣವೇ ಹೋದದ್ದು ನೆನಪಾಯಿತು. ಈಗ ಹೆದರಬೇಕಾದ್ದು ಏನಿಲ್ಲ ಎಂದು ಗೊತ್ತು. ಆದರೂ ಹೋಗಲಿಲ್ಲ.

ಸಂಜೆ ತಂಗಿಯ ಮನೆಯ ಅಡಿಗೆ ಕಟ್ಟೆಯ ಬೆಳಕಿನಲ್ಲಿ ಆ ಸತ್ತ ಚೋಕನ್ನು ಭೂತಗನ್ನಡಿಯಲ್ಲಿ ನೋಡಿದೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಪಿಂಗಾಣಿ ಕಡ್ಡಿ, ಅದರ ಮೇಲೆ ಸಾಲಾಗಿ ನಾಲ್ಕು ಗುಪ್ಪೆ, ನಡುವೆ ಕಡಲೆಬೇಳೆ ಹಿಡಿಸುವಷ್ಟು ಸಂದು. ತಂತಿಗೆ ರೇಷ್ಮೆಯ ಹೊದಿಕೆ, ಮಾಸಿ ಜೇನಿನ ಬಣ್ಣಕ್ಕೆ ತಿರುಗಿದೆ. ಸುತ್ತುಗಳು ಒಂದರ ಪಕ್ಕ ಒಂದು ಕೂತಿಲ್ಲ. ಆ ಅಂಚಿನಿಂದ ಈ ಅಂಚಿಗೆ ಓರೆಯಾಗಿ ಓಡಿ, ಮತ್ತೆ ತಿರುಗಿ, ಜೇನುಗೂಡಿನ ಹಾಗೆ ಕಿಂಡಿ ಬಿಟ್ಟುಕೊಂಡು ಹೋಗಿವೆ. ರಾಮನಗರದಲ್ಲಿ ಗೂಡು ಬಿಚ್ಚುವುದನ್ನು ನೋಡಿದವರಿಗೆ ಇದು ಹೊಸದಲ್ಲ. ರೇಷ್ಮೆಹುಳವೂ ಎಂಟರಾಕಾರದಲ್ಲಿ ತಲೆಯಾಡಿಸುತ್ತಲೇ ನೂಲು ಬಿಡುತ್ತದೆ.

ಆ ಸಂದುಗಳಿಗೆ ಅರ್ಥವಿದೆ. ತಂತಿಯ ಪಕ್ಕ ತಂತಿ ಒತ್ತಿ ಕೂತರೆ ಅವೆರಡರ ನಡುವೆ ಕಳ್ಳ ಕಂಡೆನ್ಸರೊಂದು ಹುಟ್ಟಿಕೊಳ್ಳುತ್ತದೆ. ಕಂಪನ ತಂತಿಯೊಳಗೆ ಸುತ್ತಿಸುತ್ತಿ ಬರುವ ಬದಲು ಆ ಕಂಡೆನ್ಸರನ್ನು ಹಾರಿ ಆಚೆ ಹೋಗುತ್ತದೆ. ದನ ಬೇಲಿಯನ್ನೇ ನುಗ್ಗಿದ ಹಾಗೆ. ನಾಲ್ಕು ಗುಪ್ಪೆ ಮಾಡಿ, ನಡುವೆ ಗಾಳಿ ಬಿಟ್ಟರೆ ಆ ಕಳ್ಳದಾರಿ ಒಂದು ಪಿಕೊಫ್ಯಾರಡ್ಡಿನ ಆಸುಪಾಸಿಗೆ ಇಳಿಯುತ್ತದೆ. ಅಷ್ಟಿದ್ದರೂ 3.2 ಮೆಗಾಹರ್ಟ್ಸ್‌ನ ಹತ್ತಿರ ಚೋಕು ತಾನೇ ಅನುರಣಿಸಿ, ಅದರಾಚೆ ಕಾಯಿಲಿನ ಗುಣ ಬಿಟ್ಟು ಕಂಡೆನ್ಸರಿನ ಗುಣ ತೋರಿಸುತ್ತದೆ. ನೇರ ಒಂದೇ ಗಡ್ಡೆಯಾಗಿ ಒತ್ತಿ ಸುತ್ತಿದ್ದರೆ ಅದಕ್ಕೆ ಬಹಳ ಮೊದಲೇ ಸೋಲುತ್ತಿತ್ತು. ಅಂದರೆ ನಾನು ಹುಡುಕುತ್ತಿದ್ದದ್ದು ತಾಮ್ರವಲ್ಲ, ತಾಮ್ರದ ನಡುವೆ ಯಾರೋ ತಿಳಿದು ಬಿಟ್ಟ ಜಾಗ. ಅದನ್ನು ಸೀಲಂಪುರದವನು ಕಿಲೋ ಲೆಕ್ಕದಲ್ಲಿ ಹೇಗೆ ಮಾರಿಯಾನು!

ಮರುದಿನ ಸಂಸದ್ ಮಾರ್ಗದ ಆಕಾಶವಾಣಿ ಭವನದ ಮುಂದೆ ಸುಮ್ಮನೆ ನಿಂತು ಬಂದೆ. ಹುಡುಗನಾಗಿದ್ದಾಗ ದಿಲ್ಲಿ ಎಂದರೆ ನನಗೆ ಊರಲ್ಲ, ದನಿ. ಕನ್ನಡ ವಾರ್ತೆ ಅಲ್ಲಿಂದ ಬರುತ್ತಿತ್ತು. ದಿಲ್ಲಿಗೆ ಆಕಾಶವಾಣಿ ಎಂಬ ಹೆಸರು ಹೋದದ್ದು ನಮ್ಮ ಮೈಸೂರಿನಿಂದ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕವೊಂದನ್ನು ಇಟ್ಟು ನಡೆಸಿದ ಕೇಂದ್ರಕ್ಕೆ ಆ ಹೆಸರಿತ್ತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಮನೆಯಲ್ಲಿ ಸ್ಟೇಷನ್ ಕಟ್ಟಿದ ಪ್ರೊಫೆಸರನ್ನು ನೆನೆದರೆ ಒಂದು ಚೋಕಿಗೆ ಎರಡು ದಿನ ಅಲೆದದ್ದು ದೊಡ್ಡದೆನಿಸಲಿಲ್ಲ.

ತಂಗಿಯ ಪಕ್ಕದ ಬ್ಲಾಕಿನಲ್ಲಿ ಬಿ.ಇ.ಎಲ್.ನಿಂದ ನಿವೃತ್ತರಾದ ಕನ್ನಡದ ಹಿರಿಯರೊಬ್ಬರಿದ್ದಾರೆ. 1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಕಾರ್ಖಾನೆ 1970ರ ದಶಕದಲ್ಲಿ ಗಾಜಿಯಾಬಾದಿನಲ್ಲೂ ರೇಡಾರಿನ ಕೆಲಸಕ್ಕೆ ಒಂದು ಘಟಕ ತೆರೆದಾಗ ಬೆಂಗಳೂರಿನಿಂದ ಬಂದವರಲ್ಲಿ ಇವರೂ ಒಬ್ಬರು. ನನ್ನ ಕಥೆ ಕೇಳಿ, ಫಿಲ್ಟರ್ ಕಾಫಿಯ ಲೋಟ ಕೆಳಗಿಟ್ಟು ಹೇಳಿದರು: "ನೀವು ಓದಿದವರು ಎಲ್ಲಾ ಕಡೆ ಹೋಗ್ತೀರಿ, ಫ್ಯಾನ್ ಸುತ್ತೋನ ಹತ್ರ ಮಾತ್ರ ಹೋಗಲ್ಲ. ಸೀಲಿಂಗ್ ಫ್ಯಾನಿಗೆ ಹಾಕೋದು ಯಾವ ಗೇಜು ಗೊತ್ತೇನ್ರೀ? ಮೂವತ್ತಾರು!"

ನನಗೆ ಬೇಕಾದ್ದೂ ಮೂವತ್ತಾರೇ.

ಫ್ಯಾನ್ ಸುತ್ತುವವನ ಅಂಗಡಿ ತಂಗಿಯ ಮನೆಯಿಂದ ಮುನ್ನೂರು ಹೆಜ್ಜೆ. ಜನವರಿಯಲ್ಲಿ ಯಾರೂ ಫ್ಯಾನು ತರುವುದಿಲ್ಲ. ಅವನು ಒಂದು ಗೀಸರ್ ಬಿಚ್ಚಿಟ್ಟುಕೊಂಡು, ಹೀಟರಿನ ಮುಂದೆ ಕೈ ಕಾಯಿಸುತ್ತಾ ಕೂತಿದ್ದ. ಕೈಯಿಂದ ತಿರುಗಿಸುವ ಸುತ್ತುಯಂತ್ರ, ಅದಕ್ಕೊಂದು ಎಣಿಕೆಯ ಗಡಿಯಾರ, ಗೋಡೆಗೆ ತಾಮ್ರದ ರೀಲುಗಳ ಸಾಲು. ಸತ್ತ ಚೋಕನ್ನು ತೋರಿಸಿ ಇಂಥದ್ದು ಬೇಕೆಂದೆ. ನನ್ನ ಲೆಕ್ಕ ಆಗಲೇ ಮಾಡಿಕೊಂಡಿದ್ದೆ: ಒಂಬತ್ತು ಮಿಲಿಮೀಟರ್ ದಪ್ಪದ ಕಡ್ಡಿ, ನಾಲ್ಕು ಗುಪ್ಪೆ, ಗುಪ್ಪೆಗೆ 190 ಸುತ್ತು. ಕಡ್ಡಿಯೂ ಸಿಕ್ಕಿತ್ತು. ತಂಗಿಯ ಮಗಳಿಗೆ ಹಿಂದೆಂದೋ ತಂದುಕೊಟ್ಟ ಚನ್ನಪಟ್ಟಣದ ಗಿಲಕಿ ಒಡೆದು ಅದರ ಹಿಡಿ ಮಾತ್ರ ಆಟಿಕೆಗಳ ಡಬ್ಬಿಯಲ್ಲಿ ಉಳಿದಿತ್ತು. ಹಾಲೆ ಮರ, ಮೇಲೆ ಹಳದಿ ಅರಗು. ಅರಗು ಒಳ್ಳೆಯ ನಿರೋಧಕ. ಹಿಂದೆ ಕಾಯಿಲಿಗೆ ಬಳಿಯುತ್ತಿದ್ದ ಶೆಲ್ಲ್ಯಾಕೂ ಅದೇ ಅರಗಿನ ಸಂತಾನ. ಸಿಹಿ ಡಬ್ಬಿಯ ರಟ್ಟು ಕತ್ತರಿಸಿ ಬಿಲ್ಲೆ ಮಾಡಿ ನಡುನಡುವೆ ತೂರಿಸಿದೆವು.

ಮೊದಲ ಗುಪ್ಪೆಯನ್ನು ಅವನು ಸುತ್ತಿದ ಚಂದ ನೋಡಬೇಕಿತ್ತು. ಸುತ್ತಿನ ಪಕ್ಕ ಸುತ್ತು, ಪದರದ ಮೇಲೆ ಪದರ, ಕೂದಲು ತೂರಿಸಲೂ ಜಾಗವಿಲ್ಲ. ನನಗೆ ಹೇಳಲು ಸಂಕೋಚವಾಯಿತು. "ಇಷ್ಟು ಚಂದ ಬೇಡ. ಚೆಲ್ಲಾಪಿಲ್ಲಿಯಾಗಿ ಸುತ್ತಿ."

ಅವನು ಕೈ ನಿಲ್ಲಿಸಿದ. "ಹಾಗೆ ಸುತ್ತಿದರೆ ನನ್ನ ಹೆಸರು ಕೆಡುತ್ತದೆ ಸಾಹೇಬ್."

ಕಳ್ಳ ಕಂಡೆನ್ಸರಿನ ಕಥೆಯನ್ನು ಹಿಂದಿಯಲ್ಲಿ ವಿವರಿಸಲು ಹೋಗಿ ಸೋತೆ. ಕೊನೆಗೆ ನಾನೇ ಹಿಡಿ ತಿರುಗಿಸಿ ಎರಡನೆಯದನ್ನು ಸುತ್ತಿದೆ. ಅದು ಜೇನುಗೂಡಾಗಲಿಲ್ಲ, ಗುಬ್ಬಿಗೂಡಾಯಿತು. ಅವನು ಅದನ್ನು ಬೆಳಕಿಗೆ ಹಿಡಿದು, ಸತ್ತ ಚೋಕಿನ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ, "ಅರೇ, ಇದು ಪಿನ್ನಾ!" ಎಂದ. ಪಿನ್ನಾ ಎಂದರೆ ಗಾಳಿಪಟದ ದಾರದ ಉಂಡೆ. ಆಗಸ್ಟ್ 15ಕ್ಕೆ ಈ ಸೀಮೆಯ ಮಾಳಿಗೆಗಳೆಲ್ಲ ಗಾಳಿಪಟ ಹಾರಿಸುತ್ತವೆ. ದಾರ ಸಿಕ್ಕಾಗದೆ ಬಿಚ್ಚಬೇಕಾದರೆ ಉಂಡೆಯನ್ನು ಓರೆಕೋರೆ ಸುತ್ತಬೇಕಂತೆ, ನೇರ ಸುತ್ತಿದರೆ ಒಂದರಡಿ ಒಂದು ಹೂತುಹೋಗುತ್ತದೆ. ನಾನು ಸುತ್ತಿದ್ದನ್ನೂ ತಾನು ಸುತ್ತಿದ್ದನ್ನೂ ಸರಸರ ಬಿಚ್ಚಿ ಬಿಸಾಕಿದ. ಬಲಗೈ ಹಿಡಿ ತಿರುಗಿಸುತ್ತಿದ್ದರೆ ಎಡಗೈಯ ಹೆಬ್ಬೆರಳು-ತೋರುಬೆರಳು ತಂತಿಯನ್ನು ಹಿಡಿದು ಎಡಕ್ಕೆ, ಬಲಕ್ಕೆ, ಎಡಕ್ಕೆ. ಹನ್ನೆರಡು ವರ್ಷದ ಹುಡುಗನ ಕೈ ಅದು. ನಾಲ್ಕು ಗುಪ್ಪೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ರಟ್ಟಿನ ಬಿಲ್ಲೆ ಹರಿದು ತೆಗೆದಾಗ ಸಂದಿನಲ್ಲಿ ಹಳದಿ ಅರಗು ಮಿಂಚಿತು.

ಅಭ್ಯಾಸಬಲದಿಂದ ವಾರ್ನಿಷ್ ಡಬ್ಬಿಗೆ ಕೈ ಹಾಕಿದವನನ್ನು ತಡೆದೆ. ಕಿಂಡಿಗಳೆಲ್ಲ ತುಂಬಿದರೆ ಬಿಟ್ಟ ಜಾಗಕ್ಕೆ ಏನು ಬೆಲೆ? ತುದಿಗಳಿಗೆ ಎರಡು ಹನಿ ಮೇಣ ಸಾಕಾಯಿತು. ಮೀಟರು 2.3 ತೋರಿಸಿತು. ಕೂಲಿ ಎಷ್ಟೆಂದು ಕೇಳಿದೆ. ಅವನ ಲೆಕ್ಕವೆಲ್ಲ ತಂತಿಯ ತೂಕದ ಮೇಲೆ. ರೀಲನ್ನು ತಕ್ಕಡಿಗಿಟ್ಟು ನೋಡಿದ, ಕಳೆದದ್ದು ಹತ್ತು ಗ್ರಾಂ. "ಹತ್ತು ಗ್ರಾಮಿಗೆ ಏನಂತ ಹೇಳಲಿ?" ಎಂದು ಅವನೇ ನಕ್ಕ. ಕೊಟ್ಟದ್ದರಲ್ಲಿ ಅರ್ಧ ವಾಪಸು ಮಾಡಿ, ಉಳಿದರ್ಧದಲ್ಲಿ ಚಹಾ ತರಿಸಿದ.

ಮೈಸೂರಿಗೆ ಬಂದ ವಾರವೇ ಸೆಟ್ಟು ಕಟ್ಟಿ ಮುಗಿಸಿದೆ. ಮೈಸೂರಿನ ಆಕಾಶವಾಣಿ ಸಿಗುವುದು ಎಫ್‌ಎಂನಲ್ಲಿ. ಹೆಸರು ಕೊಟ್ಟ ಊರಿನಲ್ಲಿ ಕೂತ ನನ್ನ ಮೀಡಿಯಂ ವೇವ್ ಸೆಟ್ಟು ಬೆಂಗಳೂರಿನ 612 ಕಿಲೋಹರ್ಟ್ಸನ್ನೇ ಆಶ್ರಯಿಸಬೇಕು. ಗುಂಡಿ ತಿರುಗಿಸುತ್ತಾ ಹೋದೆ, ಸುಯ್ ಎಂದು ಉಸಿರು ಬಂತು, ಸಿಳ್ಳೆ ಎದ್ದಿತು, ಕೂದಲೆಳೆ ಹಿಂದೆ ಸರಿಸಿದಾಗ ಸಿಳ್ಳೆಯೊಳಗಿನಿಂದ ಕನ್ನಡ ಕಳಚಿಕೊಂಡು ಹೊರಬಂತು. ಶಾರ್ಟ್ ವೇವ್ ಕಾಯಿಲು ಹಾಕಿದರೆ ಮಾತ್ರ ಡಯಲಿನ ಒಂದು ಕಡೆ ಅಂಗುಲದಷ್ಟು ಜಾಗದಲ್ಲಿ ಸಿಳ್ಳೆ ಏಳುವುದೇ ಇಲ್ಲ. ಗುಪ್ಪೆಗಳು ತಮ್ಮತಮ್ಮಲ್ಲೇ ಅನುರಣಿಸಿ ಕಂಪನವನ್ನು ನುಂಗುವ ಜಾಗ ಅದು. ಬೇಲಿಯಲ್ಲೊಂದು ಕಂಡಿ ಉಳಿದಿದೆ. ಒಂದೇ ಅಳತೆಯ ನಾಲ್ಕು ಗುಪ್ಪೆಯ ಬದಲು ದೊಡ್ಡದು, ಸಣ್ಣದು, ಇನ್ನೂ ಸಣ್ಣದು ಮಾಡಿದರೆ ಸರಿಹೋದೀತು.

ಅದನ್ನು ಹೇಳಲೆಂದೇ ಸಾಹಿಬಾಬಾದಿನ ಫ್ಯಾನ್ ಸುತ್ತುವವನಿಗೆ ಫೋನು ಮಾಡಿದೆ. "ದನಿ ಬಂತಾ?" ಎಂದ ಮೊದಲು. ಫೋನನ್ನು ಹೆಡ್‌ಫೋನಿಗೆ ಹಿಡಿದೆ. ಯಾವುದೋ ಭಾವಗೀತೆ ಬರುತ್ತಿತ್ತು. ಒಂದು ಚರಣ ಮುಗಿಯುವ ತನಕ ಅವನು ಮಾತಾಡಲಿಲ್ಲ.

"ಫ್ಯಾನಿಗೂ ಹೀಗೇ ಸುತ್ತಿದರೆ ಹೇಗೆ ಸಾಹೇಬ್?"

"ಸುತ್ತು ಹಿಡಿಸುವುದೇ ಇಲ್ಲ, ಸುಟ್ಟುಹೋಗುತ್ತದೆ."

ನಕ್ಕ. ಹೊಸ ಲೆಕ್ಕ ಬರೆದುಕೊಂಡ: 260, 200, 160, 120. ಹೋಳಿಗೆ ಮೊದಲೇ ಸುತ್ತಿಡುತ್ತೇನೆ, ಹೋಳಿ ಕಳೆಯಿತೆಂದರೆ ಫ್ಯಾನುಗಳು ಬರಲು ಶುರು, ಆಮೇಲೆ ನನ್ನನ್ನು ಕೇಳಬೇಡಿ ಎಂದ.